ಕಪ್ಪು ಕಿಟಕಿಯ ಹವಾಮಾನ

ಆ ಪುಟ್ಟ ರೇಡಿಯೋ ಕೇಂದ್ರದಲ್ಲಿ ಹವಾಮಾನ ವರದಿ ತಯಾರಿಸುವ ಗುಮಾಸ್ತನನ್ನು ಎಲ್ಲರೂ ಮೋಡಪ್ಪ ಎಂದೇ ಕರೆಯುತ್ತಿದ್ದರು. ನಿನ್ನೆ ವರದಿ ಟೈಪ್ ಮಾಡುವಾಗ ಅವನ ಬೆರಳು ಎರಡಕ್ಕಿಂತ ಮೊದಲು ಏಳನ್ನು ಒತ್ತಿಬಿಟ್ಟಿತ್ತು. ಇಪ್ಪತ್ತೇಳು ಡಿಗ್ರಿಯ ಹಿತವಾದ ದಿನ ಎಪ್ಪತ್ತೆರಡು ಡಿಗ್ರಿಯಾಗಿ ಊರಿಗೆಲ್ಲ ಬಿತ್ತರವಾಯಿತು. ಕೇಳುಗರು ಫೋನ್ ಮಾಡಿ, "ನಿಮ್ಮಲ್ಲಿ ಯಾರಾದ್ರೂ ಬೇಯದೆ ಉಳಿದಿದೀರಾ?" ಎಂದು ವಿಚಾರಿಸಿದರು.

ಇವತ್ತು ಬೆಳಿಗ್ಗೆ ಕೇಂದ್ರದ ಮುಖ್ಯಸ್ಥೆ ಅವನ ಮೇಜಿನ ಮುಂದೆ ಬಂದು ನಿಂತರು.

"ಇನ್ನು ಮುಂದೆ ನೀವು ಒಂದಕ್ಷರಾನೂ ಟೈಪ್ ಮಾಡಕೂಡದು. ಕಂಪ್ಯೂಟರ್ ಏನು ಹೇಳುತ್ತೋ ಅದನ್ನ ಹಾಗೇ ಕಾಪಿ ಮಾಡಿ, ಹಾಗೇ ಪೇಸ್ಟ್ ಮಾಡಿ. ಮಧ್ಯೆ ನಿಮ್ಮ ಬೆರಳು ಬರೋದೇ ಬೇಡ. ಇನ್ನೊಂದು ತಪ್ಪಾದ್ರೆ ನೆಲಮಾಳಿಗೆಗೆ ಕಳಿಸ್ತೀನಿ, ಹಳೇ ಟೇಪುಗಳ ಧೂಳು ಒರೆಸ್ಕೊಂಡಿರಿ."

ನೆಲಮಾಳಿಗೆಗೆ ಕಿಟಕಿಯೇ ಇರಲಿಲ್ಲ. ಮೋಡಪ್ಪನೋ ಆಕಾಶ ನೋಡಿಕೊಂಡೇ ಅರ್ಧ ಆಯಸ್ಸು ಕಳೆದವನು. "ಆಗ್ಲಿ ಮೇಡಂ" ಎಂದು ಕುರ್ಚಿ ಎಳೆದುಕೊಂಡ.

ಕಷ್ಟ ಇದ್ದದ್ದು ಆ ಕಂಪ್ಯೂಟರಿನಲ್ಲಿ. ತಾರಸಿಯ ಮೇಲಿನ ಉಪಕರಣಗಳು ಕಳಿಸಿದ್ದನ್ನೆಲ್ಲ ಲೆಕ್ಕ ಹಾಕಿ, ಅದು ಪರದೆಯ ಒಂದು ಕಪ್ಪು ಕಿಟಕಿಯಲ್ಲಿ ಬಿಳಿ ಅಕ್ಷರಗಳಲ್ಲಿ ವರದಿ ಹೇಳುತ್ತಿತ್ತು, ಅದೂ ಮದುಮಗಳು ಮಾತಾಡಿದಂತೆ ತಡೆದು ತಡೆದು ಒಂದೊಂದೇ ಸಾಲು. ಮೋಡಪ್ಪ ಇಷ್ಟು ದಿನ ಅದನ್ನು ಕಣ್ಣಲ್ಲಿ ಓದಿ ಪಕ್ಕದಲ್ಲೇ ತೆರೆದಿಟ್ಟ ವರದಿ ಪುಟದಲ್ಲಿ ಟೈಪ್ ಮಾಡುತ್ತಿದ್ದ. ಬೇರೆ ಎಲ್ಲ ಕಡೆ ಕಾಪಿ ಮಾಡಲು ಅವನಿಗೆ ಬರುತ್ತಿತ್ತು. ಈ ಕಪ್ಪು ಕಿಟಕಿಗೆ ಮಾತ್ರ ತಲೆಯೂ ಇಲ್ಲ, ಬಾಲವೂ ಇಲ್ಲ. 'ಕಾಪಿ' ಎಂದು ಬರೆದ ಗುಂಡಿಯಂತೂ ಮೊದಲೇ ಇಲ್ಲ.

"ಅದಕ್ಯಾಕೆ ಇಷ್ಟು ಯೋಚ್ನೆ?" ಪಕ್ಕದ ಮೇಜಿನ ಲೆಕ್ಕಿಗ ಎದ್ದು ಬಂದ. ಕರೆಯದೆ ಬರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. "ಕಂಟ್ರೋಲ್ ಹಿಡ್ಕೊಂಡು ಸಿ ಒತ್ತಿ. ಲೋಕವೆಲ್ಲ ಅದನ್ನೇ ಮಾಡೋದು."

ಮೋಡಪ್ಪ ಒತ್ತಿದ. ಅರ್ಧ ಹೇಳಿದ್ದ ಸಾಲು ಅಲ್ಲೇ ನಿಂತಿತು. ಇಡೀ ಲೆಕ್ಕಾಚಾರ ದೀಪ ಆರಿದಂತೆ ಆರಿಹೋಯಿತು.

"ಏನ್ರೀ ಇದು? ನಿಂತೇ ಹೋಯ್ತಲ್ಲ!"

"ನಾನು ಕಾಪಿ ಮಾಡು ಅಂದೆ. ಅದಕ್ಕೆ ಸಾಯಿ ಅಂತ ಕೇಳಿಸಿರ್ಬೇಕು" ಎಂದ ಲೆಕ್ಕಿಗ, ಸ್ವಲ್ಪವೂ ಅಳುಕದೆ.

ಮತ್ತೆ ಮೊದಲಿಂದ ಶುರುಮಾಡಬೇಕಾಯಿತು. ಕಂಪ್ಯೂಟರು ಕೆಮ್ಮಿ, ಗೊರಗುಟ್ಟಿ, ಸಾಲುಗಳನ್ನು ಹೊರಹಾಕತೊಡಗಿತು. ಅಷ್ಟರಲ್ಲಿ ಗದ್ದಲ ಕೇಳಿ ಸಂಗೀತ ವಿಭಾಗದ ಅಕ್ಕ ಬಂದರು.

"ಅಯ್ಯೋ, ಕೀಲಿಮಣೆ ಮುಟ್ಟಬೇಡಿ. ಮೌಸ್ ಹಿಡಿದು ಅಕ್ಷರದ ಮೇಲೆ ಮೆಲ್ಲಗೆ ಎಳೀರಿ, ಮಗುವಿನ ತಲೆ ಸವರೋ ಹಾಗೆ."

ಮೋಡಪ್ಪ ಸವರಿದ. ಕಿಟಕಿಯಲ್ಲಿ ಒಂದು ಬಿಳಿ ಚೌಕ ಮೂಡಿತು, ಅದರ ಜೊತೆಗೇ ಸಾಲುಗಳು ಬರುವುದೂ ನಿಂತಿತು. ಲೆಕ್ಕ ಹಾಕುತ್ತಿದೆ ಎಂದುಕೊಂಡು ಮೂವರೂ ಕಾದರು. ಅಕ್ಕ ಒಂದು ಹಾಡು ಗುನುಗಿದರು. ಲೆಕ್ಕಿಗ ಕಾಫಿ ತಂದು ಕುಡಿದು ಮುಗಿಸಿದ. ಕಂಪ್ಯೂಟರು ಮಾತ್ರ ಮುನಿಸಿಕೊಂಡ ಅಳಿಯನಂತೆ ತುಟಿಪಿಟಕ್ಕೆನ್ನಲಿಲ್ಲ.

ಮಧ್ಯಾಹ್ನದ ವಾರ್ತೆ ಹತ್ತಿರ ಬಂತು. ವಾರ್ತೆ ಓದುವ ಗಂಟಲರಾಯರು ಬಾಗಿಲಲ್ಲಿ ತಲೆ ಹಾಕಿ, "ಎಲ್ಲಿ ವರದಿ?" ಎಂದು ಗುಡುಗಿದರು. ಮೋಡಪ್ಪ ಕೇಂದ್ರದ ಇಂಜಿನಿಯರಿಗೆ ಫೋನ್ ಮಾಡಿದ.

"ನೀವು ಚೌಕ ಹಾಕಿದೀರಲ್ಲ, ಅದಕ್ಕೇ ಅದು ಉಸಿರು ಬಿಗಿಹಿಡ್ಕೊಂಡು ಕೂತಿದೆ" ಎಂದ ಇಂಜಿನಿಯರು. "ಎಂಟರ್ ಒತ್ತಿ. ಚೌಕದೊಳಗಿರೋದು ಕಾಪಿ ಆಗುತ್ತೆ, ನಿಂತ ಲೆಕ್ಕಾನೂ ಮುಂದಕ್ಕೆ ಹೋಗುತ್ತೆ. ಆಮೇಲೆ ಮೌಸಿನ ಬಲಗುಂಡಿ ಒತ್ತಿದ್ರೆ ಪೇಸ್ಟ್."

ಎಂಟರ್ ಒತ್ತಿದ್ದೇ ತಡ, ಉಳಿದ ಸಾಲುಗಳು ದಬದಬನೆ ಸುರಿದು ವರದಿ ಮುಗಿಯಿತು. ಮೋಡಪ್ಪ ಸಂಭ್ರಮದಲ್ಲಿ ಬಲಗುಂಡಿಯನ್ನೂ ಒತ್ತಿದ. ಎಲ್ಲಿ ಒತ್ತಬೇಕೆಂದು ಇಂಜಿನಿಯರು ಹೇಳಿರಲಿಲ್ಲ. ಕಾಪಿಯಾದದ್ದೆಲ್ಲ ಅದೇ ಕಪ್ಪು ಕಿಟಕಿಗೆ ವಾಪಸು ಬಿತ್ತು. ಕಂಪ್ಯೂಟರು ಒಂದೊಂದು ಸಾಲನ್ನೂ ತನಗೆ ಕೊಟ್ಟ ಅಪ್ಪಣೆ ಎಂದು ತಿಳಿದು, 'ಆಕಾಶ ಎಂಬ ಆಜ್ಞೆ ಗೊತ್ತಿಲ್ಲ', 'ಗಾಳಿ ಎಂಬ ಆಜ್ಞೆ ಗೊತ್ತಿಲ್ಲ' ಎಂದು ದೂರತೊಡಗಿತು.

"ಅದರ ಜೊತೆ ಜಗಳ ಆಮೇಲೆ! ಮೇಲಕ್ಕೆ ಹೋಗಿ, ಮತ್ತೆ ಚೌಕ ಹಾಕಿ!" ಅಕ್ಕ ಕೂಗಿದರು.

ಮೋಡಪ್ಪ ಮೇಲಕ್ಕೆ ಸರಿಸಿ ಚೌಕ ಎಳೆಯತೊಡಗಿದ. "ಇನ್ನೂ ಬಲಕ್ಕೆ, ಇನ್ನೂ ಬಲಕ್ಕೆ" ಎಂದರು ಅಕ್ಕ. "ಸಾಕು ಬಿಡ್ರೀ, ಹೊತ್ತಾಯ್ತು!" ಎಂದು ಲೆಕ್ಕಿಗ ಅವನ ಮೊಣಕೈ ತಳ್ಳಿದ. ಎಂಟರ್ ಬಿತ್ತು. ಈ ಸಲ ಪಕ್ಕದ ವರದಿ ಪುಟದಲ್ಲೇ ಸರಿಯಾಗಿ ಪೇಸ್ಟ್ ಆಯಿತು. ಮುದ್ರಣಯಂತ್ರದಿಂದ ಹಾಳೆ ಪೂರ್ತಿ ಹೊರಬರುವ ಮೊದಲೇ ಗಂಟಲರಾಯರು ಅದನ್ನು ಕಿತ್ತುಕೊಂಡು ಸ್ಟುಡಿಯೋಗೆ ಓಡಿದರು.

ಮೋಡಪ್ಪ ಕುರ್ಚಿಗೆ ಒರಗಿ ಉಸಿರುಬಿಟ್ಟ. ಗೋಡೆಯ ಸ್ಪೀಕರಿನಲ್ಲಿ ರಾಯರ ದನಿ ಗಂಭೀರವಾಗಿ ಮೊಳಗಿತು: "ಸಂಜೆ ಗುಡುಗು ಸಹಿತ ಭಾರಿ ಮಳೆಯಾಗುವ ಸಾಧ್ಯತೆ. ಗಾಳಿಯ ವೇಗ ಹೆಚ್ಚುವ ಸಂಭವ. ಹೊರಗೆ ಹೋಗುವವರಿಗೆ ಛತ್ರಿಯ ಅಗತ್ಯ."

ಮೋಡಪ್ಪ ಬೆಚ್ಚಿ ಪರದೆ ನೋಡಿದ. ಚೌಕದ ಆಚೆ, ಕಿಟಕಿಯ ಬಲ ಅಂಚಿನಲ್ಲಿ, 'ಇಲ್ಲ', 'ಕಡಿಮೆ', 'ಇಲ್ಲ' ಎಂಬ ಪದಗಳು ಬಸ್ಸು ತಪ್ಪಿದ ಮಕ್ಕಳಂತೆ ಒಂದರ ಕೆಳಗೊಂದು ನಿಂತಿದ್ದವು.

"ಹೇಳಿಬಿಡ್ತೀನಿ ಮೇಡಂಗೆ" ಎಂದು ಎದ್ದ.

"ಹುಚ್ಚಾ?" ಲೆಕ್ಕಿಗ ಅವನನ್ನು ಹಿಡಿದು ಕೂರಿಸಿದ. "ಬಿಸಿಲು ಅಂದು ಮಳೆ ಬಂದ್ರೆ ಜನ ಬೈತಾರೆ. ಮಳೆ ಅಂದು ಬರದಿದ್ರೆ ಖುಷಿಯಾಗಿ ಮನೆಗೆ ಹೋಗ್ತಾರೆ. ಬಾಯಿ ಮುಚ್ಕೊಂಡಿರಿ."

ಮೋಡಪ್ಪ ಬಾಯಿ ಮುಚ್ಚಿಕೊಂಡ, ಕಣ್ಣು ಮುಚ್ಚಲಾಗಲಿಲ್ಲ. ಕೆಳಗೆ ಬೀದಿಯಲ್ಲಿ ಹಣ್ಣಿನಂಗಡಿಯವಳು ಟಾರ್ಪಾಲು ಕಟ್ಟುತ್ತಿದ್ದಳು. ಎದುರು ಗೋಡೆಗೆ ಬಣ್ಣ ಬಳಿಯುತ್ತಿದ್ದವನು ಏಣಿ ಇಳಿದು ಮನೆಗೆ ಹೊರಟ. ಎಲ್ಲರ ತಲೆಯ ಮೇಲೂ ನೀಲಿ ಆಕಾಶ ಹಲ್ಲು ಕಿರಿಯುತ್ತಿತ್ತು.

ಆಗ ಹೆಂಡತಿಯ ಫೋನ್ ಬಂತು. ಅವಳು ಶಿಶುವಿಹಾರದ ಟೀಚರು. ಸಂಜೆ ಶಾಲೆಯ ಬಯಲಲ್ಲಿ ಅವಳೇ ಆಡಿಸುವ ಮಕ್ಕಳ ಹಕ್ಕಿ ನಾಟಕ.

"ರೀ, ಮಳೆಯಂತೆ? ದೊಡ್ಡ ಟೀಚರ್ ನಾಟಕಾನ ಒಳಗಿನ ಕಾರಿಡಾರಲ್ಲಿ ಮಾಡಿ ಅಂತಿದಾರೆ. ಅಲ್ಲಿ ಹಕ್ಕಿ ರೆಕ್ಕೆ ಬಿಚ್ಚಕ್ಕೂ ಜಾಗ ಇಲ್ಲ. ಮಕ್ಕಳು ಒಂದೇ ಸಮ ಅಳ್ತಿದಾವೆ. ನಿಜ ಹೇಳಿ, ಬರುತ್ತಾ?"

ಮೋಡಪ್ಪ ಆಚೀಚೆ ನೋಡಿದ. ಊರಿಗೆ ಸುಳ್ಳು ಹೇಳಿದ್ದಾಯಿತು, ಕಟ್ಟಿಕೊಂಡವಳಿಗೂ ಹೇಳಲು ನಾಲಿಗೆ ಏಳಲಿಲ್ಲ.

"ಬರಲ್ಲ ಕಣೇ" ಎಂದ ಪಿಸುದನಿಯಲ್ಲಿ. "ಕಾಪಿ ಮಾಡೋವಾಗ 'ಇಲ್ಲ' ಬಿಟ್ಟುಹೋಯ್ತು. ಯಾರಿಗೂ ಹೇಳ್ಬೇಡ. ಧೈರ್ಯವಾಗಿ ಬಯಲಲ್ಲೇ ಮಾಡಿಸು, ಜವಾಬ್ದಾರಿ ನಂದು."

"ಅಷ್ಟು ಸಾಕು" ಎಂದಳು. ಅವಳ ದನಿಯಲ್ಲಿ ಬಹಳ ದಿನದ ಮೇಲೆ ಗಂಡನ ಬಗ್ಗೆ ಹೆಮ್ಮೆ ಕೇಳಿಸಿತು. ಕಾರಣ ಹೇಳದೆ, "ನಮ್ಮನೆಯವರೇ ಹೇಳಿದಾರೆ" ಎಂದಷ್ಟೇ ಹೇಳಿ ದೊಡ್ಡ ಟೀಚರನ್ನು ಒಪ್ಪಿಸಿದಳು.

ಒಬ್ಬರಿಗಾದರೂ ನಿಜ ಹೇಳಿದ ನೆಮ್ಮದಿಯಲ್ಲಿ ಮೋಡಪ್ಪ ಸಂಜೆ ಬರಿಗೈಯಲ್ಲಿ ನಾಟಕಕ್ಕೆ ಹೋದ. ತಂದೆತಾಯಿಯರು ಬಯಲಲ್ಲಿ ಕುರ್ಚಿ ತುಂಬಿ ಕೂತಿದ್ದರು. ಬಣ್ಣದ ಕಾಗದದ ರೆಕ್ಕೆ ಕಟ್ಟಿಕೊಂಡ ಪುಟಾಣಿ ಹಕ್ಕಿಗಳು ವೇದಿಕೆಗೆ ಬಂದು, ಕೈ ಚಾಚಿ, 'ಹಾರೋಣ ಬನ್ನಿ' ಎಂದವು.

ಶಾಲೆಯ ಹಿಂದಿನಿಂದ ಗುಡುಗಿತು.

ಮೊದಲು ಒಂದು ಹನಿ, ಆಮೇಲೆ ಆಕಾಶವೇ ಕೊಡ ಬಗ್ಗಿಸಿತು. ರೆಕ್ಕೆಗಳು ಮುದ್ದೆಯಾದವು. ಕೆಂಪು ಹಕ್ಕಿ ಹಸಿರು ಹಕ್ಕಿಯ ಮೇಲೆ ಬಣ್ಣ ಬಿಟ್ಟಿತು. ತಂದೆತಾಯಿಯರು ಕುರ್ಚಿ ತಲೆಯ ಮೇಲಿಟ್ಟುಕೊಂಡು ಓಡಿದರು. ಬೇಲಿಯಾಚೆ ಇಡೀ ಊರು ಛತ್ರಿ ಹಿಡಿದು, ಒಂದು ಹನಿಯೂ ಸೋಕದೆ, ನಿಧಾನವಾಗಿ ಮನೆಗೆ ಹೋಗುತ್ತಿತ್ತು.

ಆ ಛತ್ರಿಗಳ ನಡುವಿನಿಂದ ಮುಖ್ಯಸ್ಥೆ ಮೋಡಪ್ಪನನ್ನು ಹುಡುಕಿಕೊಂಡು ಶಾಲೆಯ ಜಗಲಿಗೆ ಬಂದರು. ಮುಖವೆಲ್ಲ ನಗು.

"ಮೋಡಪ್ಪನೋರೇ, ಶಭಾಷ್! ಇಡೀ ಊರಲ್ಲಿ ಮಳೆ ಅಂತ ಹೇಳಿದ್ದು ನಮ್ಮ ಕೇಂದ್ರ ಒಂದೇ. ಅಭಿನಂದನೆ ಫೋನು ನಿಂತೇ ಇಲ್ಲ. ನಾಳೆ ಬೆಳಿಗ್ಗೆ ನೀವೇ ಮೈಕ್ ಮುಂದೆ ಕೂತು, ಇಷ್ಟು ಖಚಿತವಾಗಿ ಹೇಗೆ ಗೊತ್ತಾಯ್ತು ಅಂತ ಜನಕ್ಕೆ ವಿವರಿಸ್ಬೇಕು."

ಜಗಲಿಯಲ್ಲಿ ತೊಟ್ಟಿಕ್ಕುತ್ತಿದ್ದ ದೊಡ್ಡ ಟೀಚರು ಮೆಲ್ಲಗೆ ತಿರುಗಿದರು. "ಅಂದ್ರೆ ಮಳೆ ಬರೋದು ಇವರಿಗೆ ಗೊತ್ತಿತ್ತು?"

ಮೋಡಪ್ಪ ಒಮ್ಮೆ ಮುಖ್ಯಸ್ಥೆಯನ್ನು ನೋಡಿದ, ಒಮ್ಮೆ ದೊಡ್ಡ ಟೀಚರನ್ನು ನೋಡಿದ. ಇವರಿಗೆ ಕೊಡುವ ಉತ್ತರ ಅವರಿಗೆ ಕೇಳಿಸುವ ಹಾಗಿರಲಿಲ್ಲ.

ಅಳುವ ಹಕ್ಕಿಯೊಂದನ್ನು ಸೊಂಟದಲ್ಲಿ ಎತ್ತಿಕೊಂಡಿದ್ದ ಅವನ ಹೆಂಡತಿ ಕೂದಲಿನ ನೀರು ಹಿಂಡುತ್ತ ಸಮಾಧಾನವಾಗಿ ಹೇಳಿದಳು: "ವಿವರಿಸಿ. ನಾನೂ ಮನೇಲಿ ರೇಡಿಯೋ ಹಾಕ್ಕೊಂಡು ಕೇಳ್ತೀನಿ. ಬೆಳಿಗ್ಗೆ ಬೇಗ ಹೋಗ್ಬೇಕಲ್ಲ, ರಾತ್ರಿ ಸ್ಟುಡಿಯೋದಲ್ಲೇ ಮಲಗಿಬಿಡಿ."