ಅತ್ತೆಯ ಕೈಗೆ ಸಿಕ್ಕ ಸಾಹೇಬರ ಮೀನಿನ ರಾಟಿ

ನಿಜಾಮರ ಸರ್ಕಾರಿ ಪಂಚಾಂಗದ ಖುರ್ದಾದ್ ತಿಂಗಳು ಹನ್ನೊಂದು, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ನಮ್ಮ ಮನೆಯ ನೆಮ್ಮದಿ ಕೆಟ್ಟದ್ದು ಆಗ.

ಸಿಂಧನೂರಿನ ನಮ್ಮ ಮನೆಯಲ್ಲಿ ನನ್ನ ಸೋದರತ್ತೆ ಬಿಚ್ಚದೆ ಉಳಿಸಿರುವುದು ಎರಡೇ: ಒಂದು ಹಿತ್ತಲ ಬಾವಿ, ಇನ್ನೊಂದು ನಾನು. ತಿರುಗಿಸಿ ಬಿಗಿಯುವ ಮೊಳೆಗೆ ನಮ್ಮ ಕಡೆ ಪೇಚು ಎನ್ನುತ್ತಾರೆ. ಅದು ನಮ್ಮಿಬ್ಬರಿಗೂ ಇಲ್ಲ, ಅದಕ್ಕೇ ಉಳಿದಿದ್ದೇವೆ. ಗೋಡೆ ಗಡಿಯಾರ, ಕಂದೀಲು, ಪೆಟ್ಟಿಗೆಯ ಬೀಗ, ಅಪ್ಪನ ಕನ್ನಡಕ ಎಲ್ಲವೂ ಒಮ್ಮೆಯಾದರೂ ಅತ್ತೆಯ ಸೆರಗಿನ ಮೇಲೆ ಚೂರುಚೂರಾಗಿ ಮಲಗಿ ಎದ್ದಿವೆ. ಕೆಲವು ಏಳಲಿಲ್ಲ. ನನ್ನ ದಿನಚರಿಯ ಕೊನೆಯ ಹಾಳೆಯಲ್ಲಿ ಲೆಕ್ಕವಿದೆ: ಬಿಚ್ಚಿದ್ದು ಇಪ್ಪತ್ತಮೂರು, ಮೊದಲಿನಂತಾದದ್ದು ಒಂಬತ್ತು, ಗಡಿಯಾರ ಇನ್ನೂ ವಿಚಾರಣೆಯಲ್ಲಿ. ಅತ್ತೆಗೆ ಅಕ್ಷರ ಬಾರದು. ಬಂದಿದ್ದರೆ ಆ ಹಾಳೆಯನ್ನೂ ಬಿಚ್ಚುತ್ತಿದ್ದಳು.

ಕಚೇರಿಗೆ ರಜೆಯ ದಿನ ಅದು. ತಹಸೀಲಿನಲ್ಲಿ ನಾನು ಉಮೇದ್ವಾರ, ಅಂದರೆ ಮುಂದೆಂದಾದರೂ ಕೆಲಸ ಸಿಗಬಹುದೆಂಬ ಆಸೆಯಲ್ಲಿ ಈಗಲೇ ಕೆಲಸ ಮಾಡುವವನು. ಸುಖವಾಗಿ ಕಟ್ಟೆಯ ಮೇಲೆ ಕೂತು ಕಡ್ಡಿಯಿಂದ ಹಲ್ಲುಜ್ಜುತ್ತಿದ್ದೆ. ಮುಸಾಫಿರ ಬಂಗಲೆಯ ಖಾನಸಾಮಾ ಚಾಚಾ ಏದುಸಿರು ಬಿಡುತ್ತ ಬಂದ. ಕಾಲುವೆಯ ಸರ್ವೆಗೆ ಬಂದ ಬಿಳಿಯ ಸಾಹೇಬರಿಗೆ ಆರು ವರ್ಷದಿಂದ ಅಡುಗೆ ಮಾಡಿ ಹಾಕುವವನು. ಮಸ್ಕಿಯವನು. ಮನೆಯಲ್ಲಿ ಹೆಂಡತಿ, ನಾಲ್ಕು ಹೆಣ್ಣುಮಕ್ಕಳು, ಕಣ್ಣು ಕಾಣದ ತಾಯಿ. ಅವನ ಅಂಗೈಯಲ್ಲಿ ಟವೆಲಿನಲ್ಲಿ ಸುತ್ತಿದ ಹಿತ್ತಾಳೆಯ ಗಾಲಿಯೊಂದಿತ್ತು.

ಸಾಹೇಬರ ಮೀನಿನ ಚಟ ಊರಿಗೆಲ್ಲ ಗೊತ್ತು. ಹುಳ ಹಾಕಿ ಹಿಡಿಯುವುದಿಲ್ಲ. ಕೋಳಿಯ ಪುಕ್ಕಕ್ಕೆ ದಾರ ಸುತ್ತಿ ಸುಳ್ಳು ನೊಣ ಮಾಡಿ, ಮುಕ್ಕುಂದದ ಹತ್ತಿರ ಉದ್ದ ಕೋಲಿನಿಂದ ಹೊಳೆಯ ಮೇಲೆ ಬೀಸುತ್ತಾರೆ. ಮೀನು ನಂಬಿ ಬಂದರೆ ಹಿಡಿದು, ಮುಖ ನೋಡಿ, ಮತ್ತೆ ನೀರಿಗೆ ಬಿಡುತ್ತಾರೆ! ಇಷ್ಟು ದೂರದ ದೇಶದಿಂದ ಮೀನಿನ ಮುಖ ನೋಡಲು ಬರಬೇಕೆ? ಆ ಕೋಲಿನ ಬುಡಕ್ಕೆ ಕಟ್ಟಿ, ರೇಷ್ಮೆಯ ದಾರ ಸುತ್ತುವ ಗಾಲಿ ಇದು. ಯಾರೂ ಮುಟ್ಟಬಾರದೆಂದು ಸಾಹೇಬರ ಹುಕುಂ. ಸಾಹೇಬರು ಲಿಂಗಸುಗೂರಿನ ಕಡೆ ಕ್ಯಾಂಪಿಗೆ ಹೋದದ್ದೇ ತಡ, ಒರೆಸಿಡೋಣವೆಂದು ಚಾಚಾ ಮುಟ್ಟಿದ್ದಾನೆ, ಅದು ಮೆಟ್ಟಿಲ ಕೆಳಗಿನ ಉಸುಕಿಗೆ ಬಿದ್ದಿದೆ. ಈಗ ತಿರುಗುತ್ತಿಲ್ಲ.

"ಮುಂದಿನ ಶನಿವಾರ ಸಾಹೇಬ್ರು ಬರ್ತಾರ್ರೀ ಅಕ್ಕಾರ. ಹೋದ ವರ್ಷ ಮಾಲಿ ಆ ಕೋಲು ಮುಟ್ಟಿದ್ದಕ್ಕ ಅವತ್ತ ಸಂಜಿಗೆ ಗಂಟು ಕಟ್ಟಿಸ್ಯಾರ. ನನ್ನೂ ಹಂಗ ಕಳಸ್ತಾರ."

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದಳು. "ಇಷ್ಟ ಏನು? ರಾಟಿ ಐತಲ್ಲ ಇದು. ಇಡು ಭಾಯಿ ಇಲ್ಲಿ."

ನಾನು ಬಾಯಿಯ ಕಡ್ಡಿ ತೆಗೆದೆ. "ಅತ್ತಿ, ಇದು ನೂಲೋ ರಾಟಿ ಅಲ್ಲ. ಸಾಹೇಬರದು."

"ಸಾಹೇಬ ಏನ ಎಡಕ್ಕ ತಿರುಗಸ್ತಾನೇನು? ನೀ ಬರಕೋತ ಕೂಡು."

ಬರೆದುಕೊಂಡೆ. ಒಂದು ಚಾಕು, ಒಂದು ಅಡಕೊತ್ತು, ಒಂದು ತಲೆಪಿನ್ನು: ಇವಿಷ್ಟೇ ಆಯುಧಗಳಿಂದ ಅರ್ಧ ತಾಸಿನಲ್ಲಿ ಸಾಹೇಬರ ಗಾಲಿ ಹದಿನಾಲ್ಕು ತುಂಡಾಗಿ ಮೊರದಲ್ಲಿ ಹರಡಿತು. ಚಾಚಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ನನಗೂ ಮುಚ್ಚಬೇಕೆನ್ನಿಸಿತು, ಆದರೆ ತುಂಡು ಎಣಿಸುವವರು ಯಾರು?

ಒಳಗೊಂದು ಹಲ್ಲಿನ ಚಕ್ರ, ಅದಕ್ಕೆ ತಾಗುವ ಸಣ್ಣ ನಾಲಿಗೆ, ನಾಲಿಗೆಯ ಹಿಂದೊಂದು ಸ್ಪ್ರಿಂಗು. ಅತ್ತೆ ಅವನ್ನು ಕಂಡು ಹಿಗ್ಗಿದಳು. "ನೋಡು, ಹಲ್ಲೂ ಅದಾವ, ನಾಲಗಿನೂ ಐತಿ. ಬರೇ ಮಾತಾಡೂದು ಒಂದು ಬಾಕಿ."

ಮುಂದಿನದು ಸ್ನಾನದ ಸಂಕಟ. ಗಾಲಿಗೆ ಮೀನಿನ ನಾತ. ಅದನ್ನು ಮುಟ್ಟಿದಾಗಲೆಲ್ಲ ಅತ್ತೆ ಸ್ನಾನ ಮಾಡಬೇಕು, ಸ್ನಾನ ಮಾಡಿದ ಮೇಲೆ ಏನೋ ನೆನಪಾಗಿ ಮತ್ತೆ ಮುಟ್ಟಬೇಕು. ಗಾಲಿಗೂ ಹುಣಸೆಹಣ್ಣು, ಬೂದಿ, ಸೀಗೆಕಾಯಿಯ ಮಜ್ಜನ ನಡೆಯಿತು. ನನ್ನ ಲೆಕ್ಕದಲ್ಲಿ ಮೊದಲ ಮೂರು ದಿನಕ್ಕೆ ಗಾಲಿಗೆ ಐದು ಸ್ನಾನ, ಅತ್ತೆಗೆ ಹತ್ತೊಂಬತ್ತು. ಬಿಸಿಲಿಗೆ ಬಾವಿ ತಳ ಕಂಡಿತ್ತು. ಸೇದಿದವನು ಯಾರೆಂದು ಬರೆಯಬೇಕೆ?

ನಾಲ್ಕನೆಯ ದಿನ ಜೋಡಿಸಿದಳು. ತಿರುಗಿತು! ಆದರೆ 'ಕಿರ್ ಕಿರ್' ಎಂದು ಸದ್ದು ಮಾಡಿತು. ಸದ್ದು ಮಾಡುವ ಯಂತ್ರ ಅತ್ತೆಯ ಮಟ್ಟಿಗೆ ಕೆಟ್ಟ ಯಂತ್ರ. ಮತ್ತೆ ಬಿಚ್ಚಿ, ಸ್ಪ್ರಿಂಗನ್ನು ಬಗ್ಗಿಸಿ, ನಾಲಿಗೆಯನ್ನು ಸುಮ್ಮನಾಗಿಸಿದಳು. ಸಂಜೆ ಬಂದ ಚಾಚಾ ತಿರುಗಿಸಿ ನೋಡಿ, ಕಿವಿಗೆ ಹಿಡಿದು ಮತ್ತೆ ತಿರುಗಿಸಿದ.

"ಆ ಸದ್ದ ಇದರ ಜೀವ ಅಕ್ಕಾರ. ಮೀನ ಎಳದ್ರ ಇದು ಕೂಗಬೇಕು. ಅದನ್ನ ಕೇಳಾಕಂತನ ಸಾಹೇಬ್ರು ಹೊಳಿಗೆ ಹೋಗ್ತಾರ."

"ಮೊದಲ ಹೇಳಬಾರದೇನು? ಮೂಗಿ ಮಾಡಿಬಿಟ್ಟೆ ನಾ ಇದನ್ನ," ಎಂದು ಅತ್ತೆ ಮತ್ತೆ ಅಡಕೊತ್ತು ತೆಗೆದಳು.

ಐದನೆಯ ದಿನ ನಾಲಿಗೆಗೆ ಮಾತು ಬಂತು. ಆದರೆ ಜೋಡಿಸುವ ಮುಂಚೆ ನಾನು ಎಣಿಸಿದಾಗ ಮೊರದಲ್ಲಿ ಹದಿನೈದು ತುಂಡುಗಳಿದ್ದವು.

"ಅತ್ತಿ, ಬಂದದ್ದು ಹದಿನಾಕು."

"ಕಡಿಮಿ ಆದ್ರ ಅಳು. ಹೆಚ್ಚಾದ್ರೂ ಅಳತಿ ಅಲ್ಲಲೇ."

ಹದಿನೈದನೆಯದು ನಮ್ಮ ಗೋಡೆ ಗಡಿಯಾರದ್ದೆಂದು ತಿಳಿಯಲು ಒಂದು ಸಂಜೆ ಬೇಕಾಯಿತು. ಅಷ್ಟರಲ್ಲಿ ಅದನ್ನು ಗಾಲಿಯೊಳಗೆ ಎರಡು ಸಲ ಕೂರಿಸಿ, ಎರಡು ಸಲ ಕಿತ್ತಿದ್ದಾಯಿತು. ಚಾಚಾ ಅಂದು ನಮ್ಮಲ್ಲಿ ನೀರನ್ನೂ ಮುಟ್ಟಲಿಲ್ಲ. "ಮಸ್ಕಿಗೆ ಕಾಗದ ಹಾಕ್ಲೇನು ತಮ್ಮಾ, ಬರ್ತೀನಂತ?" ಎಂದು ನನ್ನನ್ನು ಕೇಳಿದ. ಆ ಕಾಗದವನ್ನು ನಾನೇ ಬರೆಯಬೇಕು. ಮೊದಲ ಸಾಲು ಬರೆದು ನಿಲ್ಲಿಸಿದೆ.

ಬುಧವಾರ, ಆರನೆಯ ದಿನ, ಎಲ್ಲ ಸರಿಯಾಯಿತು. ಹದಿನಾಲ್ಕು ಒಳಗೆ, ಒಂದೂ ಹೊರಗಿಲ್ಲ. ಎಣ್ಣೆ ಬಿಡುವುದೊಂದು ಬಾಕಿ. ಲಡಾಯಿಯ ಕಾಲ, ಊರಿನಲ್ಲಿ ಚಿಮಣಿ ಎಣ್ಣೆಯೇ ಸಿಗದು, ಯಂತ್ರದ ಎಣ್ಣೆ ಎಲ್ಲಿಂದ ತರಲಿ? ಮನೆಯಲ್ಲಿದ್ದದ್ದು ಒಗ್ಗರಣೆಯ ಕುಸುಬಿ ಎಣ್ಣೆ. ಅತ್ತೆ ಅದನ್ನೇ ಪೇಚುಪೇಚಿಗೂ ಉಣ್ಣಿಸಿದಳು. ಗಾಲಿ ಬೆಣ್ಣೆಯಂತೆ ತಿರುಗಿತು, ಇಂಪಾಗಿ ಕೂಗಿತು. ಚಾಚಾ ಅಂದೇ ಒಯ್ಯಬೇಕಿತ್ತು. ನಾನು ಅಂದೇ ಕೊಟ್ಟು ಕಳಿಸಬೇಕಿತ್ತು. ಆದರೆ ಅತ್ತೆಗೆ ತೃಪ್ತಿಯಿಲ್ಲ.

"ಎರಡ ದಿನ ಮಾಳಗಿ ಮ್ಯಾಲೆ ಬಿಸಲಿಗೆ ಇರಲಿ. ಎಣ್ಣಿ ಚಲೋತ್ನ್ಯಾಗ ಕುಡೀಲಿ."

ಕುಡಿಯಿತು. ಶುಕ್ರವಾರ ಮಧ್ಯಾಹ್ನ ಇಳಿಸಿ ತಂದರೆ ಗಾಲಿ ಅಲುಗಲಿಲ್ಲ. ಎಣ್ಣೆ ಜೇನುಬಣ್ಣದ ಅಂಟಾಗಿ, ಹಲ್ಲು ನಾಲಿಗೆ ಎಲ್ಲವನ್ನೂ ಒಂದೇ ಗಟ್ಟಿ ಮಾಡಿತ್ತು. ಪೇಚುಗಳ ತಲೆಯ ಗೀರೂ ಮುಚ್ಚಿ ಹೋಗಿತ್ತು. ಬಾವಿಯಿಂದ ನೀರೆತ್ತುವ ತೊಗಲಿನ ಬಾನಿ ಸೋರದಿರಲೆಂದು ನಮ್ಮ ಕಡೆ ಬಳಿಯುವುದು ಇದೇ ಕುಸುಬಿ ಎಣ್ಣೆಯನ್ನು. ಒಣಗಿದರೆ ಅರಗಿನಂತೆ ಹಿಡಿಯುತ್ತದೆಂದೇ ಬಳಿಯುತ್ತಾರೆ. ಇದು ಎತ್ತು ಹೊಡೆಯುವವರಿಗೂ ಗೊತ್ತು. ಅತ್ತೆಗೂ ಗೊತ್ತಿತ್ತು. ನನಗೂ.

ಅತ್ತೆ ಗಾಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬಿಚ್ಚಲು ನೋಡಿದಳು, ಎರಡು ಪೇಚುಗಳ ತಲೆ ಮುರಿದವು. ಆಮೇಲೆ ಚಾಕು ಕೆಳಗಿಟ್ಟಳು. ಚಾಚಾ ಬೈಯಲಿಲ್ಲ, ಅದೇ ದೊಡ್ಡ ಕಷ್ಟ. "ಹೋಗ್ಲಿ ಬಿಡ್ರಿ ಅಕ್ಕಾರ, ನಿಮ್ಮ ಕೈಯಾಗಿನದು ನೀವು ಮಾಡೀರಿ," ಎಂದು ಟವೆಲಿನಲ್ಲಿ ಸುತ್ತಿಕೊಂಡು ಹೋದ. ಅಂದು ಅತ್ತೆ ಸ್ನಾನ ಮಾಡಲಿಲ್ಲ. ನನ್ನ ಲೆಕ್ಕ ಮೂವತ್ತೊಂದಕ್ಕೆ ನಿಂತಿದೆ.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಕಚೇರಿಗೆ ಹೊರಟಾಗ ಅತ್ತೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. "ಬಂಗಲೆ ಎಲ್ಲೈತಿ? ನಡಿ, ತೋರಸು."

ಗಂಡ ತೀರಿಕೊಂಡು ನಮ್ಮ ಮನೆಗೆ ಬಂದ ಮೇಲೆ ಅವಳು ನಮ್ಮ ಓಣಿ ದಾಟಿದವಳಲ್ಲ. ಬಜಾರಿನ ನಡುವೆ ನನ್ನ ಹಿಂದೆ ನೆಲ ನೋಡುತ್ತ ನಡೆದು ಬಂದಳು.

ಸಾಹೇಬರು ವರಾಂಡದಲ್ಲಿದ್ದರು. ಮೇಜಿನ ಮೇಲೆ ಗಾಲಿ. ಪಕ್ಕದಲ್ಲಿ ಕೈಕಟ್ಟಿ ನಿಂತ ಚಾಚಾ. ಅತ್ತೆ ಮೆಟ್ಟಿಲ ಕೆಳಗೇ ನಿಂತು ಸಾಹೇಬರಿಗೆ ನೇರವಾಗಿ ಹೇಳಿದಳು: "ನಾ ಬಿಚ್ಚೀನಿ. ನಾ ಕೆಡಿಸೀನಿ."

ಸಾಹೇಬರಿಗೆ ಕನ್ನಡ ಬಾರದು. ಹುಬ್ಬೆತ್ತಿ ಚಾಚಾನ ಕಡೆ ನೋಡಿದರು. ಚಾಚಾ ಅನುವಾದಿಸಿದ: "ಮೈನೇ ಖೋಲಾ ಸಾಬ್. ಮೈನೇ ಬಿಗಾಡಾ."

ಅಕ್ಷರಕ್ಕೆ ಅಕ್ಷರ ಸರಿ. 'ಈಕೆ ಹೇಳುತ್ತಾಳೆ' ಎಂಬುದೊಂದನ್ನು ಮಾತ್ರ ಸೇರಿಸದೆ, ತಪ್ಪನ್ನು ತನ್ನ ತಲೆಗೇ ಹಾಕಿಕೊಂಡ. ಆಡಿದವರು ಹೆಣ್ಣೋ ಗಂಡೋ ಎಂದು ಆ ಮಾತು ಕನ್ನಡದಲ್ಲೂ ಹೇಳುವುದಿಲ್ಲ, ಉರ್ದುವಿನಲ್ಲೂ ಹೇಳುವುದಿಲ್ಲ. ಎರಡೂ ಭಾಷೆ ಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ, ಚಾಚಾನನ್ನು ಬಿಟ್ಟರೆ.

"ಸರಿಯಾಗಿ ಹೇಳಿದನೇನು?" ಎಂದಳು ಅತ್ತೆ, ತಿರುಗದೆ.

"ನೀ ಹೇಳಿದ್ದನ್ನ ಹೇಳ್ಯಾನ ಅತ್ತಿ."

ಸಾಹೇಬರು ಇವಳನ್ನು ನೋಡಿದರು, ಅವನನ್ನು ನೋಡಿದರು. ಇಬ್ಬರೂ ತಲೆ ತಗ್ಗಿಸಿದ್ದರು. ಗಾಲಿಯ ಹಿಡಿಯನ್ನು ಒಮ್ಮೆ ಒತ್ತಿ, ಅಂಟಿದ ಬೆರಳನ್ನು ಮೂಸಿ ನೋಡಿ, ಕರವಸ್ತ್ರದಿಂದ ಒರೆಸಿಕೊಂಡರು. ಆಮೇಲೆ "ಚಾಯ್ ಲಾವ್" ಎಂದರು.

ಚಾಚಾ ಕದಲಲಿಲ್ಲ. ಸಾಹೇಬರು ಎರಡನೆಯ ಸಲ, ಸ್ವಲ್ಪ ಮೆಲ್ಲಗೆ ಹೇಳಿದರು.

"ಏನಂತಾನ ಅಂವ?"

"ಚಾ ತರಾಕ ಹೇಳಾಕತ್ಯಾನ."

"ಹಂಗಾದ್ರ ಇವನ ನೌಕರಿ?"

"ನೌಕರಿ ಇಲ್ಲದಾಂವಗ ಚಾ ತಾ ಅಂತ ಯಾರ ಹೇಳ್ತಾರ, ಅತ್ತಿ?"

ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಡುಗೆಮನೆಯಲ್ಲಿ ಕಪ್ಪುಬಸಿಗಳು ಸದ್ದು ಮಾಡಿದವು. ಅಂದು ಕಚೇರಿಗೆ ನಾನು ಹೋದದ್ದು ಎಷ್ಟು ಹೊತ್ತಿಗೆಂದು ದಿನಚರಿಯಲ್ಲಿ ಬರೆದಿಲ್ಲ.

ಮಳೆಗಾಲಕ್ಕೆ ಮುಂಚೆ ಸಾಹೇಬರ ಕ್ಯಾಂಪು ಎದ್ದು ಹೊಳೆಯ ಕೆಳಗಿನ ಕಡೆಗೆ ಹೋಯಿತು, ಚಾಚಾ ಜೊತೆಗೇ ಹೋದ. ಆಮೇಲೆ ಸುದ್ದಿಯಿಲ್ಲ. ಅವನ ಮಗಳೊಬ್ಬಳ ಮದುವೆ ಗೊತ್ತಾಗಿತ್ತೆಂದು ಕೇಳಿದ್ದೆವು. ಆಯಿತೋ ಇಲ್ಲವೋ, ತಾಯಿ ಹೇಗಿದ್ದಾಳೋ, ಮಸ್ಕಿಯ ಕಡೆಯವರು ಯಾರಾದರೂ ಬಲ್ಲವರಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಅತ್ತೆ ಪ್ರತಿ ಶುಕ್ರವಾರ ಕೇಳುತ್ತಾಳೆ. ಓದಿ ಹೇಳುವವನು ನಾನಿದ್ದೇನೆ.