ಮಂಜು, ಆನೆ ಮತ್ತು ಒಂದು ಹಸಿರು ಬಟನ್

ಕೆಲವರ ಕೈಗೆ ಗಾಜಿನ ಲೋಟ ಕೊಟ್ಟರೆ ಅದು ತಾನಾಗಿಯೇ ಬೀಳುತ್ತೆ. ನನ್ನ ಕೈಗೆ ಲ್ಯಾಪ್‌ಟಾಪ್ ಕೊಟ್ಟರೂ ಹಾಗೇ. ನಾನು ಏನೂ ಮಾಡಲ್ಲ. ಕಿಟಕಿಯಾಚೆ ನೋಡ್ತಾ ಕೂತಿರ್ತೀನಿ, ಆಗೋದೆಲ್ಲ ತಾನೇ ಆಗ್ತಾ ಹೋಗುತ್ತೆ.

ಕೊಡಗಿನ ಸಿದ್ದಾಪುರ ಬಸ್‌ಸ್ಟ್ಯಾಂಡ್ ಎದುರಿನ ಬೇಕರಿಯ ಮೇಲೆ ಅಕ್ಕನ ಆಫೀಸು. ಅಕ್ಕ ಅಂದರೆ ಸ್ವಂತ ಅಕ್ಕ ಅಲ್ಲ, ಓನರ್. ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡ್ತಾರೆ. ಹತ್ತನೇ ಕ್ಲಾಸಿನ ಗಣಿತವೂ ನಾನೂ ಒಬ್ಬರನ್ನೊಬ್ಬರು ಕೈಬಿಟ್ಟ ಮೇಲೆ ಅಲ್ಲಿ ಸೇರಿಕೊಂಡೆ. ಕಿಟಕಿ ಪಕ್ಕದ ಕುರ್ಚಿ ನನ್ನದು. ಕೆಳಗಿಂದ ಬನ್ನಿನ ವಾಸನೆ, ಎದುರಿಗೆ ಮಂಜಿನಿಂದ ಅರ್ಧ ಮಾತ್ರ ಹೊರಗೆ ಬಂದು ನಿಂತ ವಿರಾಜಪೇಟೆ ಬಸ್ಸು. ಈ ಕುರ್ಚಿ ಬಿಟ್ಟು ಸ್ವರ್ಗಕ್ಕೂ ಬರಲ್ಲ ಅಂತ ದೇವರಿಗೆ ಹೇಳಿಟ್ಟಿದ್ದೀನಿ.

೧. ಮಾಡಿ ಮುಗಿದ ಕೆಲಸ

ಅಪ್ಪ ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸ್ತಾರೆ. ಒಂದು ದಿನ ಮೆಟ್ಟಿಲು ಹತ್ತಿ ಬಂದು, "ಇವನು ಇಲ್ಲಿ ಏನು ಮಾಡ್ತಾನೆ, ಸ್ವಲ್ಪ ತೋರಿಸಿ ಮೇಡಂ" ಅಂದರು.

ತೋರಿಸಿದೆ. ಚಿಕ್ಕ ಚಿಕ್ಕ ಇಂಗ್ಲಿಷ್ ಪದಗಳಿರ್ತವೆ, ಅವನ್ನ ಕ್ಲಾಸ್ ಅಂತಾರೆ. ಒಂದೊಂದಕ್ಕೆ ಒಂದೇ ಕೆಲಸ. ಒಂದು ಸೇರಿಸಿದರೆ ಮೂಲೆ ದುಂಡಗಾಗುತ್ತೆ, ಇನ್ನೊಂದು ಸೇರಿಸಿದರೆ ಹಸಿರಾಗುತ್ತೆ, ಮತ್ತೊಂದು ಸೇರಿಸಿದರೆ ಕೆಳಗೆ ತೆಳ್ಳಗೆ ನೆರಳು ಬೀಳುತ್ತೆ. ಹೂವಿನ ಹಾಗೆ ಸಾಲಾಗಿ ಪೋಣಿಸಿದರೆ ಒಂದು ಬಟನ್ ಆಯ್ತು: 'ರೂಮ್ ಬುಕ್ ಮಾಡಿ'.

"ಆಮೇಲೆ?" ಅಂದರು ಅಪ್ಪ.

"ಆಮೇಲೆ ಅದೇ ಬಟನ್ ಎಲ್ಲಾ ಸೈಟಿಗೂ ಹೋಗುತ್ತೆ ಅಣ್ಣ," ಅಕ್ಕ ಹೆಮ್ಮೆಯಿಂದ ಹೇಳಿದರು. "ನೂಪುಟ್ಟಿನ ಶಾವಿಗೆ ಒತ್ತೋ ಅಚ್ಚಿನ ಹಾಗೆ. ಅಚ್ಚು ಒಂದು ಸಲ ಮಾಡಿದರೆ ಸಾಕು. ಕರಿಕೆಯಿಂದ ಬಿಟ್ಟಂಗಾಲದವರೆಗೆ ನಮ್ಮ ಎಲ್ಲಾ ಹೋಮ್‌ಸ್ಟೇಗೂ ಇವನು ಮಾಡಿದ್ದೇ ಬಟನ್. ಇಲ್ಲಿ ಬದಲಾಯಿಸಿದರೆ ಎಲ್ಲಾ ಕಡೆಯೂ ಬದಲಾಗುತ್ತೆ."

ಅಪ್ಪ ಬಗ್ಗಿ ಬಟನ್ ಹತ್ತಿರದಿಂದ ನೋಡಿದರು. "ಮಾಡಿ ಮುಗೀತಲ್ಲ. ಹಾಗಾದ್ರೆ ಇವನನ್ನ ಕರ್ಕೊಂಡು ಹೋಗಲಾ? ಕಾಳುಮೆಣಸು ಕುಯ್ಯೋಕೆ ಜನ ಸಿಗ್ತಿಲ್ಲ."

ಅಕ್ಕ ಹೇಗೋ ಸಮಾಧಾನ ಮಾಡಿದರು. "ಯಾವ ಹೋಮ್‌ಸ್ಟೇಯವರಾದ್ರೂ ಒಂದೇ ಒಂದು ಕಂಪ್ಲೇಂಟ್ ಹೇಳಲಿ ಅಣ್ಣ, ಅವತ್ತೇ ಕರ್ಕೊಂಡು ಹೋಗಿ." ಮೆಣಸಿನ ಬಳ್ಳಿ ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರದ ತುದಿಯವರೆಗೂ ಹೋಗಿರುತ್ತೆ, ಅಲ್ಲಿಗೆ ಹತ್ತೋಕೆ ಇರೋದು ಬಿದಿರಿನ ಏಣಿ. ನನಗೆ ಬೇಕರಿಯ ಮೆಟ್ಟಿಲು ಹತ್ತಿದರೇ ತಲೆ ಸುತ್ತುತ್ತೆ. ಅವತ್ತಿನಿಂದ ಆಫೀಸಿನ ಫೋನ್ ಹೊಡೆದುಕೊಂಡರೆ ಎಲ್ಲರೂ ಫೋನ್ ನೋಡ್ತಾರೆ, ನಾನು ಕಿಟಕಿಯಿಂದ ಬಸ್‌ಸ್ಟ್ಯಾಂಡ್ ಆಚೆಯ ತೋಟದ ಮರದ ಎತ್ತರ ನೋಡ್ತೀನಿ.

೨. ಕರಿಕೆಯ ಮಂಜು

ಕರಿಕೆಯ ಹೋಮ್‌ಸ್ಟೇ ಅಂಕಲ್‌ಗೆ ಸೈಟ್ ಇಷ್ಟವಾಯ್ತು, ಆದರೆ ಅದರಲ್ಲಿ ಮಂಜು ಸಾಲದಂತೆ. "ನಮ್ಮ ಮಂಜು ನಿಮ್ಮ ಸಿದ್ದಾಪುರದ ಹಾಗಲ್ಲ ಮಾರಾಯ, ಸ್ವಲ್ಪ ಗಟ್ಟಿ."

ನಮ್ಮಲ್ಲಿ ಬೂದು ಬಣ್ಣಕ್ಕೂ ನಂಬರ್ ಇರುತ್ತೆ. ನಂಬರ್ ಇಳಿದಷ್ಟೂ ಬೆಳ್ಳಗೆ. ಬೆಳಗ್ಗೆ ಲ್ಯಾಪ್‌ಟಾಪ್ ಕಿಟಕಿಯ ಕಟ್ಟೆ ಮೇಲಿಟ್ಟು, ಹೊರಗಿನ ಮಂಜು ನೋಡ್ತಾ ಒಂದೊಂದೇ ನಂಬರ್ ಇಳಿಸ್ತಾ ಹೋದೆ. ಒಂದು ಹೊತ್ತಿನಲ್ಲಿ ಸ್ಕ್ರೀನ್ ಎಲ್ಲಿ ಮುಗಿಯಿತು, ಬಸ್‌ಸ್ಟ್ಯಾಂಡ್ ಎಲ್ಲಿ ಶುರುವಾಯಿತು ಅಂತಲೇ ತಿಳಿಯಲಿಲ್ಲ. ಬಸ್ಸೊಂದು ನನ್ನ ಪೇಜಿನ ಒಳಗಿಂದಲೇ ಹಾರ್ನ್ ಮಾಡಿಕೊಂಡು ಹೋದ ಹಾಗಾಯ್ತು. ಆ ಗುಂಗಿನಲ್ಲಿ ಅಕ್ಷರಕ್ಕೂ ಅದೇ ಬಣ್ಣ ಹಾಕಿಬಿಟ್ಟಿದ್ದೆ.

ಮಧ್ಯಾಹ್ನ ಅಂಕಲ್ ಫೋನು.

"ಮಗ, ಒಂದಕ್ಷರ ಕಾಣ್ತಿಲ್ಲ."

ನಾನು ಅತಿ ಎತ್ತರದ ಸಿಲ್ವರ್ ಮರ ನೋಡಿದೆ.

"ಮನೆಯ ಹೆಸರೂ ಕಾಣ್ತಿಲ್ಲ."

ಆ ಮರದ ತುದಿ ನೋಡಿದೆ.

"ಈಗ ಸರಿಯಾಯ್ತು ನೋಡು! ನಮ್ಮ ಗೇಟಲ್ಲಿ ನಿಂತವರೂ 'ಮನೆ ಎಲ್ಲಿ' ಅಂತಲೇ ಫೋನ್ ಮಾಡೋದು."

೩. ಸದ್ದಿಲ್ಲದ ಸ್ನಾನ

ಬಟನ್ ಹಾಗೆಯೇ ಕಾರ್ಡ್ ಅಂತಲೂ ಮಾಡಿಟ್ಟಿರ್ತೀವಿ. ಮೇಲೆ ರೂಮಿನ ಫೋಟೋ, ಕೆಳಗೆ ಎರಡು ಸಾಲು. ಓನರ್ ಬರೆದು ಕೊಡೋವರೆಗೆ ಆ ಜಾಗದಲ್ಲಿ ಬಾಯಿಗೆ ಬಂದದ್ದು ತುಂಬಿಸಿರ್ತೀವಿ. ನಾನು ತುಂಬಿಸಿದ್ದು: 'ಸ್ನಾನ ಮಾಡುವಾಗ ಹಾಡಬೇಡಿ. ಆನೆಯೂ ಹಾಡಲು ಬರುತ್ತದೆ.'

ಬಸ್‌ಸ್ಟ್ಯಾಂಡ್ ಹಿಂದಿನ ಲಾಡ್ಜಿನ ಸೈಟಿನಲ್ಲಿ ಅದು ಹಾಗೇ ಉಳಿದುಹೋಗಿತ್ತು. ಸ್ವಲ್ಪ ದಿನದ ಮೇಲೆ ಲಾಡ್ಜಿನವರೇ ಮೇಲೆ ಬಂದರು, ಹೊಗಳೋಕೆ!

"ನಿಮ್ಮ ಸೈಟ್ ನೋಡಿ ಬರೋರು ಎಷ್ಟು ಮರ್ಯಾದಸ್ಥರು ಅಂತೀರಿ! ಬಕೆಟಿನ ಸದ್ದೂ ಇಲ್ಲ. ಮಕ್ಕಳೂ ಉಸಿರೆತ್ತಲ್ಲ. ನಿನ್ನೆ ಮಾತ್ರ ಒಬ್ಬರು ಮೈತುಂಬ ಸೋಪಿನ ನೊರೆ, ಬಾಗಿಲ ಸಂದಿಯಿಂದ ತಲೆ ಹಾಕಿ ಮೆಲ್ಲಗೆ ಕೇಳಿದರು: 'ಹೊರಗೆ ಸದ್ದಾಯ್ತು. ನಾನು ಬರೀ ಗುನುಗಿದ್ದು, ಅದಕ್ಕೂ ಬರುತ್ತಾ?'"

೪. ಹಸಿರು ಬಟನ್

ಊಟವಾದ ಮೇಲೆ ನಮ್ಮ ಆಫೀಸು ಬೆಲ್ಲದ ನೀರಿನ ಬಣ್ಣಕ್ಕೆ ತಿರುಗುತ್ತೆ. ಬಿಸಿಲು ಮೇಜಿನ ಮೇಲೆ ಮಲಗಿರುತ್ತೆ, ಅದರ ಪಕ್ಕ ನಾನು. ಹಾಗೆ ಒಂದು ದಿನ, ಈ ಬಟನ್‌ಗೆ ಕಾಲಿದ್ದಿದ್ದರೆ ಎಲ್ಲಿಗೆ ಹೋಗ್ತಿತ್ತು ಅಂತ ಯೋಚನೆ ಬಂತು. ಎರಡು ಮೂರು ಪದ ಸೇರಿಸಿದೆ: ಮೌಸ್ ಹತ್ತಿರ ಬಂದರೆ ಪಕ್ಕಕ್ಕೆ ಸರಿ, ನಿಧಾನವಾಗಿ ಸರಿ. ಹಿಡಿಯೋಕೆ ಹೋದ ಕೋಳಿಮರಿಯ ಹಾಗೆ ಅದು ಮೆತ್ತಗೆ ಜಾರಿತು. ಎಷ್ಟು ಚೆಂದ! ಅಕ್ಕನ್ನ ಸ್ವಲ್ಪ ಆಟ ಆಡಿಸೋಣ ಅಂತ ಹಾಗೇ ಬಿಟ್ಟು ನಿದ್ದೆ ಹೋದೆ.

ಸಂಜೆ ಅಕ್ಕ ಏನೂ ನೋಡದೆ ಎಲ್ಲಾ ಸೈಟನ್ನೂ ಅಪ್‌ಲೋಡ್ ಮಾಡಿದರು. ಅಚ್ಚು ಒಂದೇ. ಕೊಡಗಿನ ಅಷ್ಟೂ ಬಟನ್‌ಗಳು ಓಡೋಕೆ ಶುರು ಮಾಡಿದವು.

ಗೊತ್ತಾಗಿದ್ದು ಮೊನ್ನೆ, ಬಿಟ್ಟಂಗಾಲದ ಹೋಮ್‌ಸ್ಟೇ ಆಂಟಿ ಫೋನ್ ಮಾಡಿದಾಗ. ನನ್ನ ಗ್ರಹಚಾರಕ್ಕೆ ಟ್ರ್ಯಾಕ್ಟರ್ ಟೈರ್ ಪಂಕ್ಚರ್ ಹಾಕಿಸೋಕೆ ಪೇಟೆಗೆ ಬಂದಿದ್ದ ಅಪ್ಪನೂ ಅಲ್ಲೇ ಕೂತಿದ್ದರು. ಅಕ್ಕ ಸ್ಪೀಕರ್ ಹಾಕಿದರು.

"ಏನು ಬಟನ್ ಅದು? ಒತ್ತೋಕೆ ಹೋದ್ರೆ ಓಡುತ್ತೆ! ಜನ ಸೋತು ನನಗೇ ಫೋನ್ ಮಾಡ್ತಿದ್ದಾರೆ!"

ಅಕ್ಕ ಆ ಸೈಟ್ ತೆಗೆದರು. ಬಟನ್ ಮೇಲೆ ಮೌಸ್ ಇಟ್ಟರು. ಬಟನ್ ಪಕ್ಕಕ್ಕೆ ಹೋಯ್ತು. ಅಕ್ಕ ನನ್ನನ್ನೇ ನೋಡಿದರು. ಅಪ್ಪ ಎದ್ದು ನನ್ನ ಬ್ಯಾಗ್ ಹೆಗಲಿಗೆ ಹಾಕಿಕೊಂಡರು.

"ಸಾರಿ ಆಂಟಿ, ಈಗಲೇ ಸರಿ ಮಾಡಿಸ್ತೀನಿ..." ಅಂದರು ಅಕ್ಕ.

"ತಡಿ ಮಾರಾಯ್ತಿ, ಯಾರು ಸರಿ ಮಾಡೋಕೆ ಹೇಳಿದ್ದು? ಮೊದಲು ಯಾರ‍್ಯಾರೋ ಬಟನ್ ಒತ್ತಿ ಬಂದು ಇಳೀತಿದ್ರು. ಯಾವ ಊರು, ಯಾವ ಮನೆಯವರು, ಪಂದಿಕರಿ ತಿಂತಾರೋ ಇಲ್ವೋ, ಒಂದೂ ಗೊತ್ತಿಲ್ಲ. ಈಗ ಫೋನಲ್ಲೇ ಎಲ್ಲಾ ಕೇಳಿಬಿಡ್ತೀನಿ. ಮೊನ್ನೆ ಒಬ್ಬಳು ನನ್ನ ತವರಿನ ಪಕ್ಕದ ಮನೆ ಹುಡುಗಿ ಅಂತ ಗೊತ್ತಾಯ್ತು, ಇಬ್ರೂ ಅತ್ತುಬಿಟ್ವಿ!"

ಅಪ್ಪ ಬ್ಯಾಗ್ ಹಾಕಿಕೊಂಡೇ ನಿಂತಿದ್ದರು. "ಮೇಡಂ," ಪಿಸುಗುಟ್ಟಿದರು, "ಇದು ಕಂಪ್ಲೇಂಟಾ, ಅಲ್ವಾ?"

ಅಕ್ಕ ಫೋನ್ ಕಡೆ ಬಗ್ಗಿದರು. "ಆಂಟಿ, ಹಾಗಾದ್ರೆ ಕಂಪ್ಲೇಂಟ್ ಏನೂ ಇಲ್ಲ ತಾನೇ?"

"ಇದೆ!" ಅಂದರು ಆಂಟಿ. ನಾನು ಮತ್ತೆ ಆ ಮರದ ತುದಿ ನೋಡಿದೆ. "ನಿನ್ನೆ ಮೈಸೂರಿನವನೊಬ್ಬ ಆ ಬಟನ್ ಹಿಡಿದುಬಿಟ್ಟಿದ್ದಾನೆ! ಅದನ್ನ ಮಾಡಿದ ಹುಡುಗನ್ನ ಎಲ್ಲೂ ಕಳಿಸ್ಬೇಡ. ಇನ್ನೂ ಸ್ವಲ್ಪ ಜೋರಾಗಿ ಓಡಿಸೋಕೆ ಹೇಳು!"