ಸಗಣಿ ಹುಳದ ಹಿಂದೆ ಬಿದ್ದವನು

ಅಂಚೆಚೀಟಿ ಕೂಡಿಸುವವನನ್ನು ಯಾರೂ ಅನುಮಾನಿಸುವುದಿಲ್ಲ. ನಾನು ಸಗಣಿ ಹುಳ ಹಿಡಿದು ಸಾಕುತ್ತಿದ್ದೆ. ಎಪ್ಪತ್ತರ ದಶಕದಲ್ಲಿ ತಾಲ್ಲೂಕು ಕಚೇರಿ ಗುಮಾಸ್ತನಾಗಿ ಯಾವ ಊರಿಗೆ ವರ್ಗವಾದರೂ, ಭಾನುವಾರ ಕಡ್ಡಿ, ಡಬ್ಬಿ ಹಿಡಿದು ದನ ಮೇಯುವ ಬಯಲಿಗೆ ಹೊರಡುತ್ತಿದ್ದೆ. ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಲ್ಲಿ ನೂಕಿಕೊಂಡು ಹೋಗುವ ಹುಳ ಕಂಡರೆ ನನಗೆ ಊಟವೂ ನೆನಪಾಗುತ್ತಿರಲಿಲ್ಲ. ನನ್ನನ್ನು ಕಂಡವರಿಗೆ ಮಾತ್ರ ಏನೇನೋ ಅನಿಸುತ್ತಿತ್ತು.

ಕಡ್ಡಿ ನೆಟ್ಟ ಸಗಣಿ

ಚನ್ನಗಿರಿಯಲ್ಲಿದ್ದಾಗ ಒಮ್ಮೆ ಸಂತೇಬೆನ್ನೂರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಸಗಣಿ ಕೆದಕುತ್ತಿದ್ದೆ. ಬುಟ್ಟಿ ಹೊತ್ತ ಅಜ್ಜಿಯೊಬ್ಬಳು ಓಡಿ ಬಂದಳು.

"ಕಡ್ಡಿ ನೆಟ್ಟೀನಿ, ಕಾಣಲ್ವಾ? ಅದು ನಂದು!"

"ಸಗಣಿ ಬೇಡಜ್ಜಿ, ಒಳಗಿರೋ ಹುಳ ಸಾಕು."

ಅಜ್ಜಿ ನನ್ನ ಇಸ್ತ್ರಿ ಪ್ಯಾಂಟು ನೋಡಿದಳು, ಡಬ್ಬಿ ನೋಡಿದಳು. ನಂಬಲಿಲ್ಲ. ಮುಗಿಸುವ ತನಕ ಸೊಂಟದ ಮೇಲೆ ಕೈಯಿಟ್ಟು ಕಾವಲು ನಿಂತಳು. ಹೊರಟಾಗ ತಡೆದು ಅಂದಳು: "ಹುಳ ತಗಂಡು ಹೋಗು. ಅದರ ಮೈಗೆ ಅಂಟಿರೋದನ್ನ ಒರೆಸಿ ಇಲ್ಲೇ ಇಟ್ಟು ಹೋಗು."

ಕರಕರ

ಹೊನ್ನಾಳಿಗೆ ವರ್ಗವಾದ ಮೇಲೆ, ಸಾಸ್ವೆಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ತೊಡೆ ಮೇಲಿನ ಡಬ್ಬಿ ಕರಕರ ಅನ್ನುತ್ತಿತ್ತು.

"ಏನ್ರೀ ಅದು?" ಕಂಡಕ್ಟರ್ ಕೇಳಿದ.

ಹುಳ ಅಂದರೆ ಇಳಿಸಿಬಿಟ್ಟಾನೆಂದು "ಸಗಣಿ" ಅಂದೆ.

"ನಮ್ಮನೇಲೂ ಸಗಣಿ ಐತ್ರೀ. ಅದು ಮಾತಾಡಲ್ಲ."

ಕಿತ್ತುಕೊಂಡು ಮುಚ್ಚಳ ತೆಗೆದೇಬಿಟ್ಟ. ದೊಡ್ಡ ಹುಳವೊಂದು ಗುಂಯ್ ಎಂದು ಹಾರಿ ಡ್ರೈವರ್ ಕತ್ತಿನ ಮೇಲೆ ಕೂತಿತು. ಬ್ರೇಕು ಬಿತ್ತು, ಬಸ್ಸಿಗೆ ಬಸ್ಸೇ ಕಿರುಚಿತು. ಹುಳ ಕಿಟಕಿಯಿಂದ ಹೊರಗೆ ಹಾರಿಹೋಯಿತು. ಕಂಡಕ್ಟರ್ ಬಾಗಿಲು ತೆಗೆದ. "ಅದು ಇಳೀತು. ಅದರ ಜೊತೆಗೆ ಬಂದೋರೂ ಇಳೀರಿ."

ಮೂರು ಮಡಕೆ

ಹೊನ್ನಾಳಿ ಕಚೇರಿಗೆ ಹೋಗಿಬರುತ್ತಾ ನ್ಯಾಮತಿಯಲ್ಲಿ ಹಿಡಿದಿದ್ದ ಬಾಡಿಗೆ ಮನೆಯ ಹಿತ್ತಲಲ್ಲಿ, ಮಣ್ಣು ತುಂಬಿದ ಮೂರು ಮಡಕೆಗಳಲ್ಲಿ ಹುಳ ಬಿಟ್ಟು ಅವುಗಳ ಬಾಯಿಗೆ ಬಟ್ಟೆ ಕಟ್ಟಿದ್ದೆ. ಬೆಳಿಗ್ಗೆ ಹಸಿ ಸಗಣಿ ಹಾಕಿ "ತಿನ್ರಪ್ಪಾ" ಎಂದು ಪಿಸುಗುಡುವುದು ರೂಢಿ. ಗೋಡೆಯಾಚೆಯಿಂದ ನೋಡಿದ ಮನೆ ಒಡತಿ, ಮಾಟವೇ ಸರಿ ಎಂದು ಮಂತ್ರವಾದಿಯನ್ನು ಕರೆಸಿದರು. ಆತ ನಿಂಬೆಹಣ್ಣು ಹಿಡಿದು ಮಡಕೆಯೊಳಗೆ ಬಗ್ಗಿದ.

"ಇವನ್ನ ಯಾಕೆ ಸಾಕ್ತೀರಿ?"

"ನೋಡಾಕೆ."

"ನೋಡಿ?"

"ಮತ್ತೆ ನೋಡ್ತೀನಿ."

ಆತ ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು ಒಡತಿಗೆ ಹೇಳಿದ: "ಮಾಟ ಆಗಿದ್ರೆ ತೆಗೀತಿದ್ದೆ, ತಾಯೀ. ಇದು ಹುಟ್ಟಿನಿಂದ ಬಂದಿರೋದು."

ವರಪರೀಕ್ಷೆ

ಜಗಳೂರಿಗೆ ಬರುವ ಹೊತ್ತಿಗೆ ಎಂಬತ್ತರ ದಶಕ ಹಿಡಿದಿತ್ತು, ನನಗೆ ಮೂವತ್ತು ದಾಟಿತ್ತು. ಹುಳದ ಸುದ್ದಿ ತಿಳಿದು ಮೂರು ಸಂಬಂಧ ಮುರಿದಿದ್ದವು. ನಾಲ್ಕನೆಯ ಹುಡುಗಿ ನನಗೆ ತುಂಬ ಹಿಡಿಸಿದ್ದಳು. ಆಕೆಯ ಅಪ್ಪ ನನ್ನ ನಡತೆ ತಿಳಿಯಲು ಹೋಟೆಲಿನವನನ್ನು ಕೇಳಿದರಂತೆ.

"ಕುಡಿತ ಇಲ್ಲ, ಇಸ್ಪೀಟಿಲ್ಲ. ಭಾನುವಾರ ಮಾತ್ರ ಊರಾಚೆ ಹೋಗ್ತಾರೆ. ಯಾಕೆ ಅಂತ ಹೇಳಾಕೆ ನನಗೇ ನಾಚ್ಕೆ ಆಗ್ತೈತೆ."

ಮುಂದಿನ ಭಾನುವಾರ ಅವರು ಸದ್ದಿಲ್ಲದೆ ನನ್ನನ್ನು ಹಿಂಬಾಲಿಸಿದರು. ಬಯಲಲ್ಲಿ ಬೋರಲಾಗಿ ಮಲಗಿ ಹುಳ ನೋಡುತ್ತಿದ್ದವನಿಗೆ ಕೆಮ್ಮು ಕೇಳಿಸಿತು. ಜಾಲಿ ಗಿಡದ ಮರೆಯಲ್ಲಿ ಭಾವಿ ಮಾವ! ಇದೂ ಹೋಯಿತು ಅಂದುಕೊಂಡು ಇದ್ದದ್ದು ಹೇಳಿಬಿಟ್ಟೆ. ಅವರು ಪಂಚೆ ಎತ್ತಿಕಟ್ಟಿ ಪಕ್ಕದಲ್ಲೇ ಕೂತರು. ಉಂಡೆ ದಿಬ್ಬ ಹತ್ತುತ್ತಿತ್ತು, ಜಾರುತ್ತಿತ್ತು, ಮತ್ತೆ ಹತ್ತುತ್ತಿತ್ತು.

"ತಲೆಕೆಳಗಾಗಿ ನೂಕ್ತಾ ಇರೋದು ಯಾವುದ್ರೀ?"

"ಗಂಡು."

"ಉಂಡೆ ಮೇಲೆ ಆರಾಮಾಗಿ ಕೂತಿರೋದು?"

"ಹೆಣ್ಣು."

ಇನ್ನಷ್ಟು ಬಗ್ಗಿ ನೋಡಿದರು. ಆಮೇಲೆ ಎದ್ದು ಪಂಚೆ ಕೊಡವಿಕೊಂಡರು.

"ದಿನಾ ಬಂದು ನೋಡ್ರಿ," ಅಂದರು. "ಮದುವೆ ಆಗೋ ತನಕ ಒಂದು ದಿನಾನೂ ತಪ್ಪಿಸಬೇಡ್ರಿ."